ಅಳಿವೆಗೆ ಬೇಲಿಗಿಂತ ಮೊದಲು ಅಳತೆ ಬೇಕು

ಪ್ರಶ್ನೆ: ನಾನು ಕುಮಟಾ ತಾಲೂಕಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಎಲ್ಲರಿಗೂ ಖುಷಿಯಾಯಿತು. ಆದರೆ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವವರಿಗೆ ‘ಮುಂದೆ ನಮ್ಮನ್ನು ನೀರಿಗೆ ಇಳಿಯಲು ಬಿಡ್ತಾರೋ ಇಲ್ವೋ’ ಅಂತ ಭಯವೂ ಇದೆ. ಅಮೆರಿಕದಲ್ಲಿ ಅಳಿವೆಗಳಿಗೆಂದೇ ಸಂಶೋಧನಾ ಮೀಸಲು ಪ್ರದೇಶಗಳಿವೆ ಎಂದು ಓದಿದೆ. ಅಲ್ಲಿ ಜನರಿಗೆ ಪ್ರವೇಶ ಇದೆಯಾ? ವರ್ಷಗಟ್ಟಲೆ ನೀರು ಅಳೆದು ನಿಜಕ್ಕೂ ಏನಾದರೂ ಉಳಿದಿದೆಯಾ? ಅಂಥದ್ದು ನಮ್ಮಲ್ಲಿ ಆಗಬಹುದಾ?

ಉತ್ತರ: ಮೊದಲು ಆ ಭಯಕ್ಕೇ ಉತ್ತರ ಹೇಳುತ್ತೇನೆ. ಅಮೆರಿಕದ ಈ ಮೀಸಲುಗಳು ಜನರನ್ನು ಹೊರಗೆ ಹಾಕುವ ಜಾಗಗಳಲ್ಲ. ಕೆಲವು ಭಾಗಗಳಲ್ಲಿ ನಿರ್ಬಂಧ ಇದೆ, ನಿಜ. ಹಕ್ಕಿ ಗೂಡು ಕಟ್ಟುವ ಜಾಗ, ಪ್ರಯೋಗ ನಡೆಯುತ್ತಿರುವ ಜಾಗಕ್ಕೆ ಸುಮ್ನೆ ಹೋಗಿ ತುಳಿಯಲು ಬಿಡುವುದಿಲ್ಲ. ಆದರೆ ಹಲವು ಮೀಸಲುಗಳಲ್ಲಿ ಮೀನು ಹಿಡಿಯಬಹುದು, ದೋಣಿ ನಡೆಸಬಹುದು. ಫ್ಲಾರಿಡಾದ ಅಪಲಾಚಿಕೋಲಾ ಮೀಸಲಿನ ಒಳಗೇ ಕಲ್ವ (ಆಯ್ಸ್ಟರ್ ಎಂಬ ಚಿಪ್ಪುಜೀವಿ) ತೆಗೆದು ಬದುಕುವ ಊರುಗಳಿದ್ದವು. ಸೌತ್ ಕೆರೊಲಿನಾದ ಏಸ್ ಬೇಸಿನ್ ಮೀಸಲಿನ ಸುತ್ತ ಹಳೆಯ ಭತ್ತದ ಗದ್ದೆಗಳೇ ಇವೆ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ದುಡಿಮೆಯಿಂದ, ಭರತದ ನೀರಿಗೆ ಕಟ್ಟೆ ಹಾಕಿ, ಹಲಗೆ ಬಾಗಿಲು ಇಟ್ಟು ಮಾಡಿದ ಗದ್ದೆಗಳು ಅವು. ಭರತದ ಉಪ್ಪುನೀರಿಗೆ ಕಟ್ಟೆ ಹಾಕಿದ ನಿಮ್ಮ ಗಜನಿ ಗದ್ದೆಗಳನ್ನು ನೋಡಿದವರಿಗೆ ಅಲ್ಲಿ ನಿಂತರೆ ಹೊಸದೇನೂ ಅನಿಸುವುದಿಲ್ಲ. ಈಗ ಅಂಥ ಗದ್ದೆಗಳಲ್ಲಿ ಚಳಿಗಾಲದ ಬಾತುಗಳಿಗಾಗಿ ನೀರು ಏರಿಸಿ ಇಳಿಸುತ್ತಾರೆ.

ಈ ವ್ಯವಸ್ಥೆ ಹುಟ್ಟಿದ್ದು 1972ರ ಕರಾವಳಿ ವಲಯ ನಿರ್ವಹಣಾ ಕಾಯ್ದೆಯಿಂದ. ಮೊದಲ ಮೀಸಲು ಓರೆಗಾನ್ ರಾಜ್ಯದ ಸೌತ್ ಸ್ಲೂ, 1974ರಲ್ಲಿ. ಆಗ ಇವನ್ನು ಅಳಿವೆ ಅಭಯಧಾಮ ಎನ್ನುತ್ತಿದ್ದರು. 1980ರ ದಶಕದಲ್ಲಿ ಹೆಸರು ಬದಲಾಗಿ ‘ಸಂಶೋಧನಾ ಮೀಸಲು’ ಆಯಿತು. 2022ರಲ್ಲಿ ಕನೆಕ್ಟಿಕಟ್ ಸೇರಿದಾಗ ಒಟ್ಟು 30 ಆದವು. ಅಲಾಸ್ಕಾದಿಂದ ಪೋರ್ಟೊ ರಿಕೊವರೆಗೆ, 13 ಲಕ್ಷ ಎಕರೆಗೂ ಜಾಸ್ತಿ ಜಾಗ. ಅದರಲ್ಲಿ ಎರಡು ಸಮುದ್ರದ ದಡದಲ್ಲೇ ಇಲ್ಲ. ಓಹಾಯೊದ ಓಲ್ಡ್ ವುಮನ್ ಕ್ರೀಕ್ ಈರೀ ಸರೋವರಕ್ಕೆ ಸೇರುತ್ತದೆ, ಇನ್ನೊಂದು ಸುಪೀರಿಯರ್ ಸರೋವರದ ದಡದಲ್ಲಿದೆ. ನದಿಯ ನೀರು ದೊಡ್ಡ ಸರೋವರದ ನೀರಿನ ಜೊತೆ ಬೆರೆಯುವ ಜಾಗವನ್ನೂ ಅವರು ಅಳಿವೆ ಅಂತಲೇ ಲೆಕ್ಕ ಹಾಕಿದ್ದಾರೆ.

ಆಡಳಿತದ ರೀತಿಯೂ ಗಮನಿಸಬೇಕಾದ್ದು. ಭೂಮಿ ಹೆಚ್ಚಾಗಿ ಕೇಂದ್ರ ಸರ್ಕಾರದ್ದಲ್ಲ. ರಾಜ್ಯ ಸರ್ಕಾರ ಅಥವಾ ರಾಜ್ಯದ ವಿಶ್ವವಿದ್ಯಾಲಯ ಮೀಸಲನ್ನು ನಡೆಸುತ್ತದೆ. ಕೇಂದ್ರದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ನಡೆಸುವ ಖರ್ಚಿನ ಸುಮಾರು ಶೇ. 70 ಕೊಡುತ್ತದೆ, ಉಳಿದದ್ದು ರಾಜ್ಯದ ಪಾಲು. ಜಾಗವನ್ನು ಸೂಚಿಸುವುದು ಆ ರಾಜ್ಯದ ಗವರ್ನರ್. ಆಮೇಲೆ ಸಾರ್ವಜನಿಕ ಸಭೆಗಳು, ಪರಿಸರ ಪರಿಣಾಮದ ವರದಿ, ನಿರ್ವಹಣಾ ಯೋಜನೆ. ವರ್ಷಗಳೇ ಹಿಡಿಯುತ್ತವೆ. ಅಷ್ಟು ತಡವಾಗುವುದು ಒಳ್ಳೆಯದೇ ಎನ್ನುವುದು ನನ್ನ ಅಭಿಪ್ರಾಯ. ಊರಿನವರ ಜೊತೆ ಜಗಳವಾಡಿ ಮುಗಿಸಿದ ಮೇಲೆ ಬರುವ ಫಲಕಕ್ಕೂ, ಒಂದು ಬೆಳಿಗ್ಗೆ ಏಕಾಏಕಿ ನೆಟ್ಟ ಫಲಕಕ್ಕೂ ತುಂಬಾ ವ್ಯತ್ಯಾಸ ಇದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಅಳೆದು ಏನು ಉಳಿದಿದೆ?

ಅಳತೆ ಹೇಗೆ ಮಾಡುತ್ತಾರೆ ಅಂತ ಮೊದಲು ನೋಡೋಣ, ಯಾಕೆಂದರೆ ಬೆಲೆ ಇರುವುದು ಅಲ್ಲೇ. 1995ರಿಂದ ಎಲ್ಲ ಮೀಸಲುಗಳಲ್ಲೂ ಒಂದೇ ಪದ್ಧತಿ ನಡೆಯುತ್ತಿದೆ. ಪ್ರತಿ ಮೀಸಲಿನಲ್ಲಿ ಕಡಿಮೆ ಎಂದರೂ ನಾಲ್ಕು ಕಡೆ ನೀರಿನ ಮಾಪಕ, ಒಂದು ಹವಾಮಾನ ಕೇಂದ್ರ. ಮಾಪಕ ಎಂದರೆ ಮೊಳದುದ್ದದ ಒಂದು ಕೊಳವೆ. ಅದರ ತುದಿಯಲ್ಲಿ ಸೆನ್ಸರ್‌ಗಳು. ನೀರಿನಲ್ಲಿ ನೆಟ್ಟ ಕಂಬಕ್ಕೆ ತೂತು ಮಾಡಿದ ಪಿವಿಸಿ ಪೈಪ್ ಕಟ್ಟಿ, ಅದರೊಳಗೆ ಇಳಿಸಿ ಬೀಗ ಹಾಕುತ್ತಾರೆ. ಪ್ರತಿ 15 ನಿಮಿಷಕ್ಕೊಮ್ಮೆ ಅದು ನೀರಿನ ಉಷ್ಣತೆ, ಉಪ್ಪಿನಂಶ, ಕರಗಿದ ಆಮ್ಲಜನಕ, ಪಿಎಚ್, ಕದಡು, ಆಳ ಇಷ್ಟನ್ನೂ ಬರೆದುಕೊಳ್ಳುತ್ತದೆ. ದಿನಕ್ಕೆ 96 ಸಲ. ತಿಂಗಳಿಗೊಮ್ಮೆ ನೀರು ತಂದು ಸಾರಜನಕ, ರಂಜಕ ನೋಡುತ್ತಾರೆ.

ಕೇಳಲು ಸುಲಭ. ಆದರೆ ಅಳಿವೆಯ ನೀರು ಯಾವ ವಸ್ತುವನ್ನೂ ಸುಮ್ನೆ ಬಿಡುವುದಿಲ್ಲ. ಎರಡು ವಾರದಲ್ಲಿ ಪೈಪಿನ ತುಂಬ ಪಾಚಿ, ದೋಣಿ ತಳಕ್ಕೆ ಅಂಟುವಂಥ ಗಡುಸು ಚಿಪ್ಪು, ಒಳಗೆ ಸೇರಿಕೊಂಡ ಮರಿ ಏಡಿ. ಹಾಗಾಗಿ ಕೆಲವು ವಾರಕ್ಕೊಮ್ಮೆ ದೋಣಿಯಲ್ಲಿ ಹೋಗಿ ಹಳೆಯದನ್ನು ತೆಗೆದು, ತೊಳೆದು ಹೊಂದಿಸಿದ ಇನ್ನೊಂದನ್ನು ಇಡಬೇಕು. ತಂದದ್ದನ್ನು ಉಪ್ಪಿನಂಶ ಗೊತ್ತಿರುವ ದ್ರಾವಣದಲ್ಲಿ ಅದ್ದಿ, ಎಷ್ಟು ತಪ್ಪು ತೋರಿಸುತ್ತಿದೆ ಅಂತ ನೋಡಬೇಕು. ತಪ್ಪು ಕಂಡರೆ ಆ ಅಂಕಿಯನ್ನು ಅಳಿಸಿ ಹಾಕುವುದಿಲ್ಲ. ಪಕ್ಕದಲ್ಲಿ ಒಂದು ಗುರುತು ಹಾಕಿ, ‘ಇದನ್ನು ನಂಬಬೇಡಿ, ಕಾರಣ ಇಂಥದ್ದು’ ಅಂತ ಬರೆದಿಡುತ್ತಾರೆ. ಎಲ್ಲ ಮೀಸಲುಗಳ ಅಂಕಿಗಳೂ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಬರೂಕ್ ಸಂಸ್ಥೆಯಲ್ಲಿರುವ ಒಂದೇ ಕಚೇರಿಗೆ ಸೇರುತ್ತವೆ. ಅಲ್ಲಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಿಮ್ಮ ಕಾಲೇಜಿನ ಹುಡುಗರೂ ಇವತ್ತೇ ನೋಡಬಹುದು. ಸಾರ್ವಜನಿಕ ದುಡ್ಡಿನಲ್ಲಿ ಸಿಕ್ಕ ಅಂಕಿ ಸಾರ್ವಜನಿಕರ ಕೈಗೇ ಬರುವುದು ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದ ಅಂಶ.

15 ನಿಮಿಷಕ್ಕೊಮ್ಮೆ ಯಾಕೆ ಬೇಕು, ತಿಂಗಳಿಗೊಂದು ಸಲ ಸಾಲದಾ ಅಂತ ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಗೊಬ್ಬರದ ನೀರೋ ಊರಿನ ಕೊಳಚೆಯೋ ಸೇರಿದ ತೊರೆಯಲ್ಲಿ ಪಾಚಿ ಹೆಚ್ಚುತ್ತದೆ. ಹಗಲು ಹೊತ್ತು ಪಾಚಿ ಆಮ್ಲಜನಕ ಬಿಡುತ್ತದೆ, ನೀರಿನಲ್ಲಿ ಅದು ತುಂಬಿ ತುಳುಕುತ್ತದೆ. ರಾತ್ರಿ ಅದೇ ಪಾಚಿ, ಕೆಳಗಿನ ಕೊಳೆತ ಕೆಸರು, ಮೀನು, ಏಡಿ ಎಲ್ಲವೂ ಸೇರಿ ಆಮ್ಲಜನಕ ಎಳೆದುಕೊಳ್ಳುತ್ತವೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ನೀರಿನಲ್ಲಿ ಉಸಿರೇ ಇಲ್ಲದಂತಾಗುತ್ತದೆ. ಮೀನು ಸಾಯುವುದು ಆಗ. ನಾವು ಮಾಡುವುದೇನು? ಬೆಳಿಗ್ಗೆ ತಿಂಡಿ ತಿಂದು, ಹತ್ತು ಗಂಟೆಗೆ ದೋಣಿ ಹತ್ತಿ, ಬಾಟಲಿಯಲ್ಲಿ ನೀರು ತಂದು ‘ಆಮ್ಲಜನಕ ಚೆನ್ನಾಗಿದೆ’ ಅಂತ ವರದಿ ಬರೆಯುತ್ತೇವೆ. ಆ ವರದಿಯಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಆದರೂ ಅದು ಅಳಿವೆಯ ಸ್ಥಿತಿಯನ್ನು ಹೇಳುತ್ತಿಲ್ಲ. ಉಪ್ಪಿನ ಕಥೆಯೂ ಹೀಗೇ. ಭರತ, ಇಳಿತ, ಅಮಾವಾಸ್ಯೆ, ಅಷ್ಟಮಿ, ಮೊದಲ ಮಳೆ ಇವೆಲ್ಲದರ ಜೊತೆ ಅದು ಏರಿ ಇಳಿಯುತ್ತದೆ. ಒಂದು ಸಲ ನೋಡಿದ ಬಿಪಿಯಿಂದ ಡಾಕ್ಟರು ಜೀವನಪರ್ಯಂತದ ಮಾತ್ರೆ ಬರೆಯುವುದಿಲ್ಲ, ಅಲ್ವಾ?

ಇನ್ನು ಫಲದ ಮಾತು. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಳಿವೆಯ ಸಂಕಟ ಮತ್ತು ಅಳತೆಯ ಲಾಭ ಎರಡೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಮಾಂಟೆರೆ ಕೊಲ್ಲಿಗೆ ಸೇರುವ ಈ ಅಳಿವೆ 1979ರಿಂದ ಮೀಸಲು. ಸುತ್ತಲೂ ಸ್ಟ್ರಾಬೆರಿ, ಲೆಟಿಸ್ ಬೆಳೆಯುವ ಹೊಲಗಳು. ದನ ಮೇಯಿಸಲು ಜೌಗಿಗೆ ಕಟ್ಟೆ ಹಾಕಿ ಒಣಗಿಸಿದ್ದರು. 1940ರ ದಶಕದಲ್ಲಿ ಬಂದರಿಗಾಗಿ ಮಾಸ್ ಲ್ಯಾಂಡಿಂಗ್‌ನಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಅಲ್ಲಿಂದ ಭರತ ಜೋರಾಗಿ ನುಗ್ಗಿ, ಜೋರಾಗಿ ಹಿಂದಕ್ಕೆ ಹೋಗತೊಡಗಿತು. ಹೋಗುವಾಗ ಮಣ್ಣನ್ನೂ ಎಳೆದುಕೊಂಡು ಹೋಯಿತು. ತೊರೆಯ ದಂಡೆಗಳು ಕುಸಿದವು, ಜೌಗಿನ ದೊಡ್ಡ ಭಾಗ ಬರಿ ಕೆಸರಾಯಿತು. ಹೊಲದ ಗೊಬ್ಬರವೂ ಸೇರಿ ನೀರು ಪಾಚಿಮಯ.

ಇಂಥ ನೀರಿನಲ್ಲಿ ಈಲ್‌ಗ್ರಾಸ್ ಎಂಬ ಕಡಲ ಹುಲ್ಲು ಸಾಯಬೇಕು. ಎಲೆಯ ಮೇಲೆ ಪಾಚಿ ಕೂತು ಬಿಸಿಲು ಸಿಗದಂತಾಗುತ್ತದೆ. ಆದರೆ ಎಲ್ಕ್‌ಹಾರ್ನ್‌ನಲ್ಲಿ ಹುಲ್ಲು ಹೆಚ್ಚುತ್ತಿತ್ತು. ಯಾಕೆ? ಬ್ರೆಂಟ್ ಹ್ಯೂಸ್ ಮತ್ತು ಸಂಗಡಿಗರು ದಶಕಗಳ ದಾಖಲೆ ಹರಡಿಕೊಂಡು ನೋಡಿ, ಪ್ರಯೋಗವನ್ನೂ ಮಾಡಿ, 2013ರಲ್ಲಿ ಉತ್ತರ ಪ್ರಕಟಿಸಿದರು. ಕಾರಣ ಕಡಲ ನೀರುನಾಯಿ. ತುಪ್ಪಳಕ್ಕಾಗಿ ಬೇಟೆಯಾಡಿ ಮುಗಿದೇ ಹೋಯಿತು ಎನ್ನುವಂತಾಗಿದ್ದ ಪ್ರಾಣಿ ಅದು. ಕಾನೂನಿನ ರಕ್ಷಣೆ ಸಿಕ್ಕಿ ನಿಧಾನವಾಗಿ ಹೆಚ್ಚಿ, 1980ರ ದಶಕದ ಹೊತ್ತಿಗೆ ಈ ಅಳಿವೆಗೆ ಮರಳಿತ್ತು. ನೀರುನಾಯಿ ಏಡಿ ತಿನ್ನುತ್ತದೆ. ಏಡಿ ಕಡಿಮೆಯಾದರೆ, ಏಡಿಗೆ ಆಹಾರವಾಗಿದ್ದ ಸಣ್ಣ ಜೀವಿಗಳು ಹೆಚ್ಚುತ್ತವೆ. ಅದರಲ್ಲಿ ಮುಖ್ಯವಾದದ್ದು ಸೀ ಹೇರ್ ಎಂಬ, ಬಸವನಹುಳುವಿನ ಕುಲದ ಪ್ರಾಣಿ. ಅದು ಹುಲ್ಲಿನ ಎಲೆಯ ಮೇಲಿನ ಪಾಚಿಯನ್ನು ಹೆರೆದು ತಿನ್ನುತ್ತದೆ. ಎಲೆ ಸ್ವಚ್ಛ, ಹುಲ್ಲಿಗೆ ಬಿಸಿಲು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2024ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು. ತೊರೆಯ ದಂಡೆಯಲ್ಲಿ ಬಿಲ ಕೊರೆಯುವ, ಜೌಗಿನ ಗಿಡದ ಬೇರು ತಿನ್ನುವ ಪಟ್ಟೆ ಏಡಿಗಳೂ ನೀರುನಾಯಿಯ ಊಟವೇ. ನೀರುನಾಯಿ ಜಾಸ್ತಿ ಇರುವ ತೊರೆಗಳಲ್ಲಿ ದಂಡೆ ಕುಸಿಯುವ ವೇಗ ಶೇ. 90ರವರೆಗೂ ತಗ್ಗಿತ್ತು. ಯೋಚನೆ ಮಾಡಿ. ದಂಡೆ ಉಳಿಸಲು ಕಲ್ಲು ಕಟ್ಟುವ ಟೆಂಡರ್ ಕರೆಯುವ ಕಾಲದಲ್ಲಿ ಒಂದು ಪ್ರಾಣಿ ಬಂದು ಆ ಕೆಲಸ ಮಾಡಿದೆ. ಹಳೆಯ ವೈಮಾನಿಕ ಚಿತ್ರ, ದಂಡೆಯ ಅಳತೆ, ಏಡಿಯ ಲೆಕ್ಕ, ನೀರುನಾಯಿಯ ಲೆಕ್ಕ ಇವೆಲ್ಲ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಸೇರಿರದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಂತ ಪ್ರಾಣಿಯ ಮೇಲೆ ಭಾರ ಹಾಕಿ ಅವರು ಕೈಕಟ್ಟಿ ಕೂರಲಿಲ್ಲ. ತಗ್ಗಿದ್ದ ಹೆಸ್ಟರ್ ಜೌಗಿಗೆ ಹೊರಗಿನಿಂದ ಮಣ್ಣು ತಂದು ಎತ್ತರ ಮಾಡಿ, ಗಿಡ ಮತ್ತೆ ಬರುವಂತೆ ಮಾಡಿದ್ದಾರೆ.

ಇದೇ ಜಾಗದಲ್ಲಿ 2025ರ ಜನವರಿಯಲ್ಲಿ ದೊಡ್ಡ ಅನಾಹುತವಾಯಿತು. ಮಾಸ್ ಲ್ಯಾಂಡಿಂಗ್‌ನ ವಿದ್ಯುತ್ ಸಂಗ್ರಹ ಘಟಕದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಬಿದ್ದು, ಹೊಗೆ ಸುತ್ತಲೂ ಹರಡಿತು. ಕೆಲವೇ ದಿನಗಳಲ್ಲಿ ಅಲ್ಲಿನ ಸಮುದ್ರ ಪ್ರಯೋಗಾಲಯದ ವಿಜ್ಞಾನಿಗಳು ಮೀಸಲಿನ ಜೌಗಿನ ಮೇಲ್ಮಣ್ಣಿನಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ವಿಪರೀತ ಏರಿರುವುದನ್ನು ತೋರಿಸಿದರು. ಅಷ್ಟು ಬೇಗ, ಅಷ್ಟು ಧೈರ್ಯವಾಗಿ ಹೇಳಲು ಕಾರಣ ಒಂದೇ. ಜೌಗು ಸರಿಪಡಿಸುವ ಕೆಲಸಕ್ಕಾಗಿ ಅದೇ ಜಾಗದ ಮಣ್ಣನ್ನು ಬೆಂಕಿಗೆ ಮೊದಲೇ ಅವರು ಪರೀಕ್ಷಿಸಿದ್ದರು. ಇಲ್ಲದಿದ್ದರೆ ‘ಈ ಲೋಹ ಇಲ್ಲಿನ ಮಣ್ಣಿನಲ್ಲಿ ಮೊದಲಿಂದಲೂ ಇತ್ತು’ ಅಂತ ಯಾರಾದರೂ ಹೇಳಿಬಿಡಬಹುದಿತ್ತು. ನಮ್ಮ ದೇಶದಲ್ಲಿ ಎಷ್ಟು ಕಡೆ ಇದೇ ಮಾತು ಕೇಳಿ ಸುಮ್ಮನಾಗಿದ್ದೇವೆ! ಘಟನೆ ಆದ ಮೇಲೆ ಬಾಟಲಿ ಹಿಡಿದು ಓಡಿದರೆ ಸಿಗುವುದು ಅರ್ಧ ಸಾಕ್ಷಿ. ಮೊದಲಿನ ಅಳತೆ ಇದ್ದವರಿಗೆ ಮಾತ್ರ ಪೂರ್ತಿ ಸಾಕ್ಷಿ.

ಓರೆಗಾನ್‌ನ ಸೌತ್ ಸ್ಲೂನಲ್ಲಿ ನಡೆದ ಒಂದು ಪ್ರಯೋಗ ಗಜನಿ ನಾಡಿನವರಿಗೆ ನೇರ ಸಂಬಂಧಪಟ್ಟದ್ದು. ಕಟ್ಟೆ ಹಾಕಿ ಭರತದ ನೀರು ತಡೆದ ಜೌಗು ವರ್ಷಗಳು ಕಳೆದಂತೆ ಕುಸಿಯುತ್ತದೆ. ಹೊಸ ಮಣ್ಣು ಬರುವುದಿಲ್ಲ, ಹಳೆಯ ಬೇರಿನ ಕಸ ಒಣಗಿ ಕರಗುತ್ತದೆ. ಆಮೇಲೆ ಕಟ್ಟೆ ಒಡೆದರೆ ಜೌಗು ಸುಲಭಕ್ಕೆ ವಾಪಸ್ ಬರುವುದಿಲ್ಲ, ಕೆರೆಯಂತೆ ನೀರು ನಿಲ್ಲುತ್ತದೆ. 1990ರ ದಶಕದಲ್ಲಿ ಅವರು ಕುಂಜ್ ಮಾರ್ಷ್ ಎಂಬ ಜಾಗದಲ್ಲಿ ಕಟ್ಟೆಯ ಮಣ್ಣನ್ನೇ ಹರಡಿ, ಪಕ್ಕಪಕ್ಕದ ಪಟ್ಟಿಗಳನ್ನು ಬೇರೆ ಬೇರೆ ಎತ್ತರಕ್ಕೆ ತಂದು, ಭರತ ಒಳಗೆ ಬಿಟ್ಟರು. ಎತ್ತರದ ಪಟ್ಟಿಯಲ್ಲಿ ಗಿಡ ಬೇಗ ಬಂತು, ತಗ್ಗಿನ ಪಟ್ಟಿಯಲ್ಲಿ ಮಣ್ಣು ಬೇಗ ಕೂತಿತು. ಯಾವ ಎತ್ತರಕ್ಕೆ ಏನು ಸಿಗುತ್ತದೆ ಎಂದು ಇನ್ನೊಬ್ಬರು ಊಹೆ ಮಾಡಬೇಕಿಲ್ಲ. ಒಡೆದು ಪಾಳುಬಿದ್ದ ಗಜನಿ ಕಟ್ಟೆಗಳ ಬಗ್ಗೆ ನಾವು ಇಂಥ ಒಂದೇ ಒಂದು ಪ್ರಯೋಗವನ್ನಾದರೂ ಮಾಡಿದರೆ ಎಷ್ಟು ಚೆನ್ನ. ಎಲ್ಲಿ ಕಟ್ಟೆ ರಿಪೇರಿ ಮಾಡಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯಬೇಕು, ಎಲ್ಲಿ ಬಿಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಬರಲು ಬಿಡಬೇಕು ಅಂತ ರೈತರ ಜೊತೆ ಕೂತು ಮಾತಾಡಲು ಒಂದು ಆಧಾರ ಸಿಗುತ್ತದೆ.

ಕಾಂಡ್ಲಾ ಎಂದಾಗ ಹವಾಯಿಯ ಹೇಇಯಾ ಮೀಸಲು ನೆನಪಾಗುತ್ತದೆ. 2017ರಲ್ಲಿ ಸೇರಿದ್ದು. ಅಲ್ಲಿ ಮೂಲ ಹವಾಯಿ ಜನ ನೂರಾರು ವರ್ಷಗಳ ಹಿಂದೆ ಕಲ್ಲಿನ ಗೋಡೆ ಕಟ್ಟಿ ಮಾಡಿದ 88 ಎಕರೆಯ ಮೀನಿನ ಕೊಳ ಇದೆ. ಗೋಡೆಯಲ್ಲಿ ಜಾಲರಿ ಬಾಗಿಲು. ಮರಿ ಮೀನು ಒಳಗೆ ಬರುತ್ತದೆ, ದೊಡ್ಡದಾದ ಮೇಲೆ ಹೊರಗೆ ಹೋಗಲಾರದು. ಮೇಲ್ಭಾಗದಲ್ಲಿ ಕೆಸುವಿನ ಗದ್ದೆಗಳು. ಅಲ್ಲಿ ಕಾಂಡ್ಲಾ ಹೊರಗಿನ ಗಿಡ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹವಾಯಿಗೆ ತಂದದ್ದು. ಅದು ಹಬ್ಬಿ ಹಳೆಯ ಗೋಡೆಯನ್ನೇ ಸೀಳಿತ್ತು. ಹಾಗಾಗಿ ಅಲ್ಲಿನವರು ಅದನ್ನು ಕಡಿದು ತೆಗೆಯುತ್ತಿದ್ದಾರೆ. ನಮ್ಮ ಕಡೆ ಅದೇ ಬಳಗದ ಗಿಡಗಳನ್ನು ನೆಟ್ಟು ಬೆಳೆಸಬೇಕು. ಎಲ್ಲ ಅಳಿವೆಗೂ ಒಂದೇ ಔಷಧಿ ಇಲ್ಲ. ಹೇಇಯಾದಲ್ಲಿ ಹಳೆಯ ಕಸುಬಿನವರೇ ಮೀಸಲಿನ ಪಾಲುದಾರರು. ಕೊಳದ ಕೆಲಸ, ಕೆಸುವಿನ ಕೆಲಸ ನಿಂತರೆ ಸಂಶೋಧನೆಗೂ ಅರ್ಥ ಇಲ್ಲ ಎಂದು ಮೊದಲೇ ಒಪ್ಪಿಕೊಂಡು ಶುರುಮಾಡಿದ್ದಾರೆ. ಬಳಚು ತೆಗೆಯುವವರ ಭಯಕ್ಕೆ ನಾನು ತೋರಿಸಬಲ್ಲ ಅತ್ಯುತ್ತಮ ಉದಾಹರಣೆ ಇದು.

ಇಷ್ಟೆಲ್ಲ ಹೇಳಿದ ಮೇಲೆ ಸೋತ ಕಥೆಯನ್ನೂ ಹೇಳಬೇಕು. ಅಪಲಾಚಿಕೋಲಾ ಕೊಲ್ಲಿ ಒಂದು ಕಾಲಕ್ಕೆ ಫ್ಲಾರಿಡಾದ ಕಲ್ವದಲ್ಲಿ ಸುಮಾರು ಶೇ. 90 ಕೊಡುತ್ತಿತ್ತು. 1979ರಿಂದ ಮೀಸಲು. ಆದರೆ ನದಿ ಹುಟ್ಟುವುದು ಮೇಲೆ ಜಾರ್ಜಿಯಾದಲ್ಲಿ. ಅಲ್ಲಿ ಅಟ್ಲಾಂಟಾ ನಗರಕ್ಕೆ ನೀರು, ಫ್ಲಿಂಟ್ ನದಿಯ ಬಯಲಿನ ಹೊಲಗಳಿಗೆ ನೀರು. ಕಾವೇರಿ ಜಗಳ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರದ ವರ್ಷಗಳಲ್ಲಿ ಸಿಹಿನೀರು ಇಳಿಯಿತು, ಕೊಲ್ಲಿಯಲ್ಲಿ ಉಪ್ಪು ಏರಿತು. ಉಪ್ಪು ಏರಿದರೆ ಸಮುದ್ರದ ಕಡೆಯಿಂದ ಕಲ್ವದ ಚಿಪ್ಪು ಕೊರೆದು ತಿನ್ನುವ ಶಂಖದ ಹುಳುಗಳು, ರೋಗಗಳು ಒಳಗೆ ಬರುತ್ತವೆ. 2012ರಲ್ಲಿ ಕಲ್ವ ಕುಸಿದುಬಿತ್ತು. ಫ್ಲಾರಿಡಾ 2013ರಲ್ಲಿ ಜಾರ್ಜಿಯಾ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಫ್ಲಾರಿಡಾದ ವಾದ ತಳ್ಳಿಹಾಕಿದರು. ಜಾರ್ಜಿಯಾ ನೀರು ಬಳಸಿದ್ದೇ ಕಾರಣ ಎನ್ನುವುದು ಗಟ್ಟಿಯಾಗಿ ಸಾಬೀತಾಗಿಲ್ಲ ಎಂದಿತು ಕೋರ್ಟು. ಫ್ಲಾರಿಡಾದವರೇ ಮಿತಿಮೀರಿ ಕಲ್ವ ತೆಗೆದಿದ್ದರು. ಮರಿಗಳು ಅಂಟಿಕೊಂಡು ಬೆಳೆಯಲು ಹಳೆಯ ಚಿಪ್ಪನ್ನು ನೀರಿಗೆ ವಾಪಸ್ ಹಾಕುವ ಕೆಲಸವನ್ನೂ ಸರಿಯಾಗಿ ಮಾಡಿರಲಿಲ್ಲ. ಅದಕ್ಕೂ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಕಲ್ವ ತೆಗೆಯುವುದನ್ನೇ ಐದು ವರ್ಷದ ಲೆಕ್ಕದಲ್ಲಿ ನಿಲ್ಲಿಸಿದ್ದರು.

ಇದರಿಂದ ನನಗೆ ಎರಡು ಮಾತು ಸ್ಪಷ್ಟ. ಮೀಸಲು ಕಾಯುವುದು ನದಿಯ ಬಾಯನ್ನು ಮಾತ್ರ, ಕುತ್ತಿಗೆ ಹಿಸುಕುವ ಕೈ ನೂರಾರು ಕಿಲೋಮೀಟರ್ ದೂರ ಇರಬಹುದು. ಎರಡನೆಯದು, ನೀರಿನ ಲೆಕ್ಕ ಇದ್ದರೆ ಸಾಲದು. ನಾವು ಎಷ್ಟು ತೆಗೆದೆವು, ಎಷ್ಟು ವಾಪಸ್ ಕೊಟ್ಟೆವು ಎನ್ನುವ ಲೆಕ್ಕವೂ ಅಷ್ಟೇ ಪ್ರಾಮಾಣಿಕವಾಗಿ ಇರಬೇಕು.

ಈಗ ನಮ್ಮ ಕಡೆ ಬರೋಣ. ಅಕ್ಕಪಕ್ಕದ ಎರಡು ನದಿಗಳನ್ನು ನೋಡಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಬರುತ್ತಲೇ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್‌ಚಂದ್ರನ್ ಅವರ ತಂಡ ಈ ಅಳಿವೆಗಳನ್ನು ಹೋಲಿಸಿ ನೋಡಿದೆ. ಶರಾವತಿಯಲ್ಲಿ ಉಪ್ಪು ತಗ್ಗಿ, ತಿನ್ನುವ ಚಿಪ್ಪುಜೀವಿಗಳು ತೀರಾ ಕಡಿಮೆಯಾದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಸಾವಿರಾರು ಜನರಿಗೆ ಅನ್ನ ಕೊಡುತ್ತಿವೆ. ಅಪಲಾಚಿಕೋಲಾದಲ್ಲಿ ಸಿಹಿನೀರು ಕಡಿಮೆಯಾಗಿ ಕೆಟ್ಟಿತು, ಶರಾವತಿಯಲ್ಲಿ ಹೊತ್ತಲ್ಲದ ಹೊತ್ತಿಗೆ ಹೆಚ್ಚಾಗಿ ಕೆಟ್ಟಿತು. ಅಳಿವೆಗೆ ಬೇಕಾದ್ದು ತನ್ನ ಹದದ ನೀರು, ತನ್ನ ಕಾಲಕ್ಕೆ.

ಅಘನಾಶಿನಿ ನೀರನ್ನು ವೇದಾವತಿ ನದಿಯ ಕಡೆಗೆ ತಿರುಗಿಸುವ ಪ್ರಸ್ತಾಪ ಈಗ ಮಾತಿನಲ್ಲಿದೆ. ಹಿಂದೆ ಇದೇ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನ ಎದ್ದು ನಿಂತು ಅದು ನಿಂತಿತು. ಪ್ರತಿಭಟನೆಯಿಂದ ಒಂದು ಯೋಜನೆ ನಿಲ್ಲಬಹುದು. ಮುಂದಿನದಕ್ಕೆ ದಾಖಲೆ ಬೇಕು. ಬೇಸಿಗೆಯಲ್ಲಿ ಉಪ್ಪು ಎಷ್ಟು ದೂರ ಏರುತ್ತದೆ, ಮೇಲಿಂದ ಎಷ್ಟು ನೀರು ಬಂದರೆ ಎಲ್ಲಿ ಬಳಚು ನಿಲ್ಲುತ್ತದೆ ಎಂದು ಹತ್ತು ವರ್ಷದ ಅಂಕಿ ಮೇಜಿನ ಮೇಲಿದ್ದರೆ ‘ಸ್ವಲ್ಪ ನೀರು ತಿರುಗಿಸಿದರೆ ಏನೂ ಆಗಲ್ಲ’ ಎನ್ನುವವರು ಉತ್ತರ ಕೊಡಬೇಕಾಗುತ್ತದೆ. ರಾಮ್ಸಾರ್ ಗೌರವ ದೊಡ್ಡದು, ಸಂತೋಷವೇ. ಆದರೆ ಪಟ್ಟಿಯಲ್ಲಿರುವ ಹೆಸರು ನೀರಿನ ಉಪ್ಪನ್ನು ಅಳೆಯುವುದಿಲ್ಲ.

ಆಗಬಹುದಾ ಎಂದರೆ, ಆಗಬಹುದು. ಭಾರತದಲ್ಲಿ ‘ಅಳಿವೆ ಸಂಶೋಧನಾ ಮೀಸಲು’ ಎಂಬ ಕಾನೂನಿನ ವರ್ಗ ಇಲ್ಲ. ಆದರೆ 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಯಲ್ಲಿ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎರಡಕ್ಕೂ ಅವಕಾಶ ಇದೆ. ಇದೇ ನದಿಯ ಮೇಲ್ಭಾಗದಲ್ಲಿ ಸಿಂಗಳೀಕಗಳಿಗಾಗಿ ಅಂಥ ಸಂರಕ್ಷಣಾ ಮೀಸಲು ಮಾಡಿದ್ದರು, 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದರು. ಇನ್ನು ಒಡಿಶಾದ ಚಿಲಿಕಾ ನಮಗೆ ಅಮೆರಿಕಕ್ಕಿಂತ ಹತ್ತಿರದ ಪಾಠ. ಮರಳು ತುಂಬಿ, ಉಪ್ಪು ತಗ್ಗಿ, ಕಳೆ ಹಬ್ಬಿ, ಮೀನು ಕುಸಿದಿದ್ದ ಸರೋವರ ಅದು. ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಅಧ್ಯಯನ ಮಾಡಿಸಿ, 2000ದ ಸೆಪ್ಟೆಂಬರ್‌ನಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆಯಿತು. ಉಪ್ಪು ಮರಳಿತು, ಮೀನು ಮರಳಿತು. ಅಪಾಯದಲ್ಲಿರುವ ರಾಮ್ಸಾರ್ ತಾಣಗಳ ಪಟ್ಟಿಯಿಂದ 2002ರಲ್ಲಿ ಅದು ಹೊರಬಂತು. ಅವರು ಬಾಯಿ ತೆರೆದು ಮನೆಗೆ ಹೋಗಲಿಲ್ಲ. ಇವತ್ತಿಗೂ ನೀರು, ಮೀನು, ಹಕ್ಕಿ, ಡಾಲ್ಫಿನ್ ಲೆಕ್ಕ ನಡೆದೇ ಇದೆ.

ಸರ್ಕಾರ ಬರುವವರೆಗೆ ನಿಮ್ಮ ಕಾಲೇಜು ಕಾಯಬೇಕಾಗಿಲ್ಲ. ನಾಲ್ಕು ಜಾಗ ಆರಿಸಿ: ತದಡಿ ಹತ್ತಿರ, ಐಗಳಕುರ್ವೆ, ಮಿರ್ಜಾನ್, ಮೇಲೆ ಉಪ್ಪಿನಪಟ್ಟಣದ ಕಡೆ. ಜಾಗ ಮತ್ತೆ ಬದಲಿಸಬೇಡಿ. ಸೇತುವೆ ಕಂಬವೋ ಹಳೆಯ ಧಕ್ಕೆಯೋ ಗುರುತಾಗಿರಲಿ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಒಂದಿದ್ದರೆ ಉಪ್ಪು ನೋಡಬಹುದು, ಅದು ಕಾಲೇಜಿಗೆ ಭಾರವಾಗುವ ಬೆಲೆಯದಲ್ಲ. ತಿಂಗಳಲ್ಲಿ ಅಮಾವಾಸ್ಯೆ ಹತ್ತಿರ ಒಮ್ಮೆ, ಅಷ್ಟಮಿ ಹತ್ತಿರ ಒಮ್ಮೆ, ಎರಡು ಸಲವೂ ಪೂರ್ತಿ ಭರತಕ್ಕೆ ಮತ್ತು ಪೂರ್ತಿ ಇಳಿತಕ್ಕೆ ನೋಡಿ. ಮೇಲಿನ ನೀರು ಮತ್ತು ತಳದ ನೀರು ಬೇರೆಬೇರೆಯಾಗಿ ತೆಗೆಯಿರಿ. ಉಪ್ಪುನೀರು ಭಾರ, ಅದು ತಳದಲ್ಲಿ ನುಸುಳಿ ಮೇಲಕ್ಕೆ ಹೋಗಿರುತ್ತದೆ. ಮೇಲಿನ ನೀರು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಆಮ್ಲಜನಕ ನೋಡುವ ಸೌಕರ್ಯ ಇದ್ದರೆ ಸೂರ್ಯ ಹುಟ್ಟುವ ಮುಂಚೆ ಹೋಗಿ. ಅನುಮಾನ ಬಂದ ಅಂಕಿಯನ್ನು ಅಳಿಸಬೇಡಿ, ಪಕ್ಕದಲ್ಲಿ ಕಾರಣ ಬರೆಯಿರಿ.

ಇದರ ಜೊತೆಗೆ ಬಳಚು ತೆಗೆಯುವ ಹೆಂಗಸರು, ಗಂಡಸರು ಹತ್ತಾರು ಜನರನ್ನು ಸೇರಿಸಿಕೊಳ್ಳಿ. ಯಾವ ದಿಬ್ಬದಲ್ಲಿ ಇಳಿದರು, ಎಷ್ಟು ಹೊತ್ತು, ಎಷ್ಟು ಬುಟ್ಟಿ, ಅದರಲ್ಲಿ ಮರಿ ಎಷ್ಟು, ದೊಡ್ಡದು ಎಷ್ಟು. ಈ ನಾಲ್ಕು ವಿಷಯ ಸಾಕು. ಬರೆಯುವ ಕೆಲಸ ನಿಮ್ಮ ಹುಡುಗರದ್ದು, ಹೇಳುವ ಕೆಲಸ ಅವರದ್ದು. ಲೆಕ್ಕದ ಒಂದು ಪ್ರತಿ ಅವರ ಕೈಯಲ್ಲೂ ಇರಲಿ. ನಾಳೆ ಮೀಸಲು ಅಂತ ಏನಾದರೂ ಬಂದರೆ, ನಿಯಮ ಬರೆಯುವ ಮೇಜಿನ ಮುಂದೆ ಆ ಲೆಕ್ಕ ಹಿಡಿದುಕೊಂಡು ಕೂರುವ ಹಕ್ಕು ಅವರಿಗೆ ಇರುತ್ತದೆ.

ಶುರು ಮಾಡುವುದಾದರೆ ಮಳೆ ಬರುವ ಮುಂಚಿನ ಮೇ ತಿಂಗಳನ್ನು ತಪ್ಪಿಸಬೇಡಿ. ಉಪ್ಪು ನದಿಯಲ್ಲಿ ಅತಿ ಮೇಲಕ್ಕೆ ಏರಿರುವುದು ಆಗ. ಆಮೇಲೆ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ವಾರ ದಿನಾ ಹೋಗಿ ನೋಡಿ. ಆ ವಾರ ಉಪ್ಪು ಎಷ್ಟು ಬೇಗ ಇಳಿಯುತ್ತದೋ, ಬಳಚು ಎಷ್ಟು ಸಾಯುತ್ತದೋ, ಅದನ್ನು ಬೇರೆ ಯಾವ ವಾರದಲ್ಲೂ ಹಿಡಿಯಲು ಆಗುವುದಿಲ್ಲ.